ಗದಗ ಸ್ಟೇಷನ್ನಿನ ಆ ಹತ್ತು ನಿಮಿಷ

ಮಗಳೇ,

ಭಾನುವಾರ ನೀನು ಸಿಟ್ಟಿನಲ್ಲಿ ಬುತ್ತಿ ಬಿಟ್ಟೇ ಹೋದೆ. ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಎರಡು ದಿನ ನಿಮ್ಮವ್ವ ನನ್ನ ಜೊತೆ ಮಾತಾಡಲಿಲ್ಲ.

ನೆಂಟರ ಮುಂದೆ "ಮೆಟ್ರೋ ಒಂದು ರೈಲೇನು, ಅದರ ಗೇಜೂ, ಅಂದರೆ ಹಳಿಗಳ ನಡುವಿನ ಅಂತರವೂ ನಮ್ಮದಲ್ಲ" ಅಂತ ನಾನು ನಗಬಾರದಿತ್ತು. ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್ ಮಗಳು ಬೆಂಗಳೂರು ಮೆಟ್ರೋದಲ್ಲಿ ಇಂಜಿನಿಯರ್ ಆದಳು ಅಂತ ಓಣಿಯೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ. ನಿನ್ನ ಎದುರಿಗೆ ಮಾತ್ರ ಬಾಯಿಗೆ ಬೇರೆಯೇ ಬರುತ್ತದೆ.

ಅಷ್ಟಕ್ಕೂ ನಮ್ಮ ಗೇಜು ಅಂದರೆ ಯಾವುದು? 1676 ಮಿಲಿಮೀಟರಿನ ಬ್ರಾಡ್ ಗೇಜು ಗೊತ್ತು ಮಾಡಿದ್ದು ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದವರು. 1870ರ ಸುಮಾರಿಗೆ ಮೇಯೋ ವೈಸ್‌ರಾಯ್ ಆಗಿದ್ದಾಗ, ಖರ್ಚು ಜಾಸ್ತಿ ಅಂತ ಒಂದೇ ಮೀಟರ್ ಅಗಲದ ಮೀಟರ್ ಗೇಜು ತಂದರು. ಸದರ್ನ್ ಮರಾಠಾ ರೈಲ್ವೆಯವರು ನಮ್ಮ ಕಡೆ ಹಾಕಿದ್ದು ಅದನ್ನೇ. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜು ಮಾಡೋಣ ಅಂತ ಹೊರಟರು, ನಾವು ಅದನ್ನು ಕಿತ್ತು ಬ್ರಾಡ್ ಗೇಜು ಹಾಕಿದೆವು. ಅಮೆರಿಕದ ದಕ್ಷಿಣದವರು 1886ರಲ್ಲಿ ಎರಡೇ ದಿನದಲ್ಲಿ ಒಂದು ಬದಿಯ ಹಳಿ ಮೂರಿಂಚು ಸರಿಸಿ ಮುಗಿಸಿದರಂತೆ. ನಮಗೆ ಸರಿಸಬೇಕಾದದ್ದು ಒಂದೂವರೆ ಮೊಳ. ಹಳಿ ಕೆಳಗಿನ ಅಡ್ಡಪಟ್ಟಿ, ಅಂದರೆ ಸ್ಲೀಪರ್ ಬದಲಾಗಬೇಕು, ಸೇತುವೆ ಗಟ್ಟಿಯಾಗಬೇಕು, ವರ್ಷಗಟ್ಟಲೆ ಹಿಡಿಯಿತು.

ಇಂಗ್ಲೆಂಡಿನಲ್ಲಿ ಇಂಜಿನಿಯರ್ ಬ್ರೂನೆಲ್‌ನ ಏಳಡಿ ಗೇಜಿನ ಗಾಡಿಗಳು ಜೋರಾಗಿ ಓಡುತ್ತಿದ್ದವು. ಆದರೂ 1846ರ ಕಾನೂನು ಹಿಡಿದದ್ದು ಇನ್ನೊಬ್ಬ ಇಂಜಿನಿಯರ್ ಸ್ಟೀಫನ್ಸನ್‌ನ ನಾಲ್ಕಡಿ ಎಂಟೂವರೆ ಇಂಚು, ಅಂದರೆ ನಿಮ್ಮ ಮೆಟ್ರೋದ 1435 ಮಿಲಿಮೀಟರ್. ಅದು ಕಲ್ಲಿದ್ದಲ ಗಣಿಯ ಕುದುರೆ ಬಂಡಿಗಳಿಂದ ಬಂದ ಅಳತೆ. ಅಷ್ಟರಲ್ಲಾಗಲೇ ಅದು ಎಲ್ಲ ಕಡೆ ಹರಡಿಕೊಂಡಿತ್ತು, ಗೆದ್ದಿತು. ಕೆಲಸದ ಜಾಗದಲ್ಲೂ ಹಾಗೇ, ನಿನ್ನ ಮಾತೇ ಸರಿ ಇದ್ದರೂ ಹತ್ತು ಜನ ಒಪ್ಪಿದ್ದೇ ನಡೆಯುತ್ತದೆ, ಹಟ ಮಾಡಬೇಡ, ಮೇಲಿನವರ ಜೊತೆ ಹೊಂದಿಕೊಂಡು... ನೋಡು, ಮತ್ತೆ ಶುರು ಮಾಡಿದೆ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಹೇಳಬೇಕಾದ್ದು ಬೇರೆ ಇದೆ. ನಿನಗೆ ಐದು ವರ್ಷ. ಬನಶಂಕರಿ ಜಾತ್ರೆಗೆ ಹೊರಟಿದ್ದೆವು. ಹುಬ್ಬಳ್ಳಿಯಿಂದ ಗದಗಿನವರೆಗೆ ಬ್ರಾಡ್ ಗೇಜು ಆಗಿತ್ತು, ಮುಂದೆ ಬಾದಾಮಿ ಕಡೆ ಇನ್ನೂ ಮೀಟರ್ ಗೇಜು. ಆ ಒಂದೂವರೆ ಮೊಳಕ್ಕಾಗಿ ಗಾಡಿಯ ಜನವೆಲ್ಲ ಗದಗಿನಲ್ಲಿ ಇಳಿದು, ಗಂಟುಮೂಟೆ ಹೊತ್ತು, ಆಚೆ ಗಾಡಿಗೆ ಓಡಬೇಕಿತ್ತು. ನೀನು ತಪ್ಪಿಸಿಕೊಂಡೆ. ಹತ್ತೇ ನಿಮಿಷ ಇರಬಹುದು. ನಾನು ಪ್ಲಾಟ್‌ಫಾರಂ ಮೇಲೆ ಹುಡುಕಲೇ ಇಲ್ಲ, ಹಳಿ ನೋಡುತ್ತಾ ಓಡಿದೆ. ಹಳಿ ಮೇಲೆ ಏನೇನು ಬಿದ್ದಿರುತ್ತದೆ ಅಂತ ನನ್ನ ಕೆಲಸದವರಿಗೆ ಗೊತ್ತು. ಡಬ್ಬಿಗಳ ಕೆಳಗೆ ಬಗ್ಗಿ ಬಗ್ಗಿ ನೋಡಿದೆ. ಒಂದು ಕಡೆ ಕೆಂಪು ಬಟ್ಟೆ ಕಂಡಿತು. ನಿನ್ನ ಲಂಗವೂ ಕೆಂಪು. ಹತ್ತಿರ ಹೋಗಲು ಕಾಲು ಬರಲಿಲ್ಲ, ನಿಂತುಬಿಟ್ಟೆ. ಯಾರದೋ ಹರಿದ ಚೀಲ ಅದು. ನೀನು ಗಿರ್ಮಿಟ್ ಮಾರುವವನ ಬುಟ್ಟಿ ಪಕ್ಕ ಕೂತು ಮಂಡಕ್ಕಿ ತಿನ್ನುತ್ತಿದ್ದೆ.

"ನಿಮ್ಮವ್ವ ಕೈ ಬಿಟ್ಟಳು" ಅಂತ ಇಷ್ಟು ವರ್ಷ ನಗುತ್ತಾ ಹೇಳಿದ್ದೀನಿ, ಅಲ್ವಾ? ಅವಳ ಎರಡೂ ಕೈಯಲ್ಲಿ ಚೀಲ ಇತ್ತು. ನೀನು ನನ್ನ ಕೈಯಲ್ಲಿದ್ದೆ. ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿಯಲು ನಾನೇ ಬಿಟ್ಟೆ. ಅವಳು ಒಂದು ದಿನವೂ ಎದುರಾಡಲಿಲ್ಲ.

ನಿಮ್ಮಲ್ಲಿ ಹಳಿ ಪಕ್ಕದಲ್ಲೇ 750 ವೋಲ್ಟಿನ ಮೂರನೇ ಹಳಿ ಇರುತ್ತದಂತೆ. ನಮ್ಮ ಕಡೆ ಕರೆಂಟು ತಲೆ ಮೇಲಿನ ತಂತಿಯಲ್ಲಿ, ಇದು ಕಾಲ ಬುಡದಲ್ಲೇ. ಹಳಿಗೆ ಇಳಿಯುವ ಮುಂಚೆ ಕರೆಂಟು ತೆಗೆದಿದ್ದಾರಾ ಅಂತ ಬೇರೆಯವರನ್ನು ನಂಬಬೇಡ, ನೀನೇ ಕೇಳಿ ಖಾತ್ರಿ ಮಾಡಿಕೋ. ರೊಟ್ಟಿ ಮತ್ತೆ ಮಾಡುತ್ತಿದ್ದಾಳೆ, ಗುರುವಾರ ರಾತ್ರಿ ಗಾಡಿಗೆ ನಾನೇ ತರುತ್ತೀನಿ. ಅವ್ವನ ಫೋನಾದರೂ ಎತ್ತು.

ನಿನ್ನ ಅಪ್ಪ