ಕಾಡುಮರ ಬಲ್ಲವರಿಗೆ ಊರಲ್ಲೇ ಕೆಲಸ ಬೇಕು

ಮಾನ್ಯರೇ,

ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳು ಮಳೆ ಶುರುವಾದಾಗ ನಮ್ಮ ಕಾಫಿ ತೋಟಕ್ಕೆ ಬಂದಿದ್ದಳು. ಧೂಪದ ಮರದಡಿ ಕೂತು, ಬಿದ್ದ ಬೀಜ ಆರಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟಳು. 'ಒಣಗಿದರೆ ಇದು ಮೊಳೆಯೋದಿಲ್ಲ ಅಂಕಲ್, ಬೇಗ ಬಿತ್ತಬೇಕು' ಎಂದಳು. ಮೂವತ್ತು ವರ್ಷದಿಂದ ಆ ಮರದಡಿ ಓಡಾಡುವ ನನಗೆ ಇದು ಗೊತ್ತೇ ಇರಲಿಲ್ಲ!

ನಮ್ಮ ತೋಟಗಳಲ್ಲಿ ಈಗ ಸಿಲ್ವರ್ ಓಕ್ ಜಾಸ್ತಿ. ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೂ ಆಸರೆ. ನಾನೂ ನೆಟ್ಟಿದ್ದೇನೆ. ಆದರೆ ಅತ್ತಿ, ಗೋಣಿ ಮರದ ಹಣ್ಣಿಗೆ ಹಾರಿ ಬರುವ ಮಂಗಟ್ಟೆ ಹಕ್ಕಿಗೆ ಅದರಲ್ಲಿ ತಿನ್ನಲು ಏನಿದೆ?

ಆ ಹುಡುಗಿ ಈಗ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಕಲಿತ ಕೆಲಸ ಇಲ್ಲಿ ಸಿಗಲಿಲ್ಲವಂತೆ. ಬೇಜಾರಾಗುತ್ತದೆ ಅಲ್ವಾ? ಪಂಚಾಯಿತಿಗೊಂದು ಕಾಡುಮರಗಳ ನರ್ಸರಿ ಮಾಡಿ, ಇಂಥವರಿಗೆ ತಿಂಗಳ ಸಂಬಳದ ಕೆಲಸ ಕೊಡಿ. ಸಸಿಗಳನ್ನು ಸುಮ್ನೆ ಹಂಚುವುದೂ ಬೇಡ, ದುಡ್ಡು ಕೊಟ್ಟೇ ಒಯ್ಯುತ್ತೇವೆ. ಮುಂದಿನ ಮಳೆಗಾಲಕ್ಕೆ ನನ್ನೊಬ್ಬನಿಗೇ ಹಲಸು, ನಂದಿ, ಹೊನ್ನೆ, ಧೂಪ ಸೇರಿ 200 ಸಸಿ ಬೇಕು.

– ಒಬ್ಬ ಕಾಫಿ ಬೆಳೆಗಾರ, ದಕ್ಷಿಣ ಕೊಡಗು