ಮಗಳಿಗೊಂದು ಪತ್ರ: ಉಜ್ಜುವ ಮೊದಲು ಓದು

ಪ್ರೀತಿಯ ಪುಟ್ಟಿಗೆ, ಅಮ್ಮನ ಆಶೀರ್ವಾದಗಳು.

ನೀನು ಕೊಂಡ ಹಳೆಯ ಕ್ಷೌರದ ಕತ್ತಿಯ ಫೋಟೊಗಳನ್ನು ನೋಡಿದೆ. ಉಜ್ಜಿ ಫಳಫಳ ಹೊಳೆಯುವಂತೆ ಮಾಡಲೇ ಎಂದು ಕೇಳಿದ್ದೀಯ. ಬೇಡ ಕಣೇ.

ಅಲಗು ಹಿಡಿಗೆ ಸೇರುವ ಕಡೆ ಅಗಲ ಕಿರಿದಾಗುತ್ತದಲ್ಲ, ಅಲ್ಲಿ ಭೂತಗನ್ನಡಿ ಹಿಡಿದು ನೋಡು. ತಯಾರಕರ ಮುದ್ರೆ ಇರುವುದು ಅಲ್ಲೇ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್, ಫ್ರಾನ್ಸಿನ ತಿಯೇರ್: ಊರಿನ ಹೆಸರು ಸಿಕ್ಕಿದರೆ ಅರ್ಧ ಜಾತಕ ಸಿಕ್ಕಂತೆ. ಕಿರೀಟದ ಜೊತೆ ‘ವಿ ಆರ್’ ಎಂದಿದ್ದರೆ ಸಾಮಾನ್ಯವಾಗಿ ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ 1837ರಿಂದ 1901ರ ನಡುವಿನದು. ದೇಶದ ಹೆಸರೂ ಇದ್ದರೆ 1891ರಿಂದ ಈಚಿನದಿರಬೇಕು. ಆಮದು ಸರಕಿನ ಮೇಲೆ ಮೂಲ ದೇಶದ ಹೆಸರು ಇರಲೇಬೇಕೆಂಬ ಅಮೆರಿಕದ ಕಾನೂನು ಜಾರಿಗೆ ಬಂದದ್ದು ಆಗಲೇ. ಈ ಮುದ್ರೆಗಳು ಆಳವಾಗಿರುವುದಿಲ್ಲ. ಉಜ್ಜಿದರೆ ಮೊದಲು ಹೋಗುವುದು ಅವೇ.

ವಿದ್ಯುತ್ ಚಕ್ರಕ್ಕಂತೂ ಹಿಡಿಯಲೇಬೇಡ. ಅಲಗಿನ ತೆಳುವಾದ ಬಾಯಿ ಕ್ಷಣದಲ್ಲಿ ಕಾದು ನೀಲಿಗಟ್ಟುತ್ತದೆ. ಉಕ್ಕಿನ ಹದ ಕೆಟ್ಟಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು. ಕೆಂಪು ತುಕ್ಕನ್ನು ಮಾತ್ರ ಎಣ್ಣೆ ಹಚ್ಚಿ ಮೆಲ್ಲಗೆ ತೆಗೆ, ಕಪ್ಪು ಕಲೆ ಇದ್ದರೆ ಇರಲಿ. ಗಡ್ಡ ಬಾರದ ಇಬ್ಬರಿಗೆ ಈ ಹುಚ್ಚೇಕೆ ಎಂದು ನಿನ್ನ ಅಪ್ಪ ಈಗಲೂ ಕೇಳುತ್ತಾರೆ. ಕೇಳಲಿ ಬಿಡು.

ಮುಂದಿನದನ್ನು ಕೊಳ್ಳುವಾಗ ಬೆನ್ನು ನೋಡು. ಸಾಣೆಕಲ್ಲಿನ ಮೇಲೆ ಬೆನ್ನು, ಬಾಯಿ ಎರಡನ್ನೂ ಒಟ್ಟಿಗೆ ತಾಗಿಸಿ ಮಸೆಯುವುದರಿಂದ ಬೆನ್ನಿನ ದಪ್ಪವೇ ಕೋನವನ್ನು ಕಾಯುತ್ತದೆ. ಅಲ್ಲಿ ಅಗಲವಾದ ಚಪ್ಪಟೆ ಪಟ್ಟಿ ಕಂಡರೆ ಕತ್ತಿ ವಿಪರೀತ ಸವೆದಿದೆ ಎಂದರ್ಥ. ಮೊಂಡಾದದ್ದನ್ನು ಸರಿಪಡಿಸಬಹುದು, ಬಾಯಿ ಬಿರಿದದ್ದನ್ನು ಮುಟ್ಟಬೇಡ.

ನನಗೆ ನಿಜವಾಗಿ ಹೆದರಿಕೆ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಹಿಡಿಗಳದ್ದು. ನೋಡಲು ಆಮೆಚಿಪ್ಪಿನಂತೆಯೋ ದಂತದಂತೆಯೋ ಇದ್ದು ಕಣ್ಣು ಕಟ್ಟುತ್ತವೆ. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ತಿಕ್ಕಿ ಮೂಸು. ಕರ್ಪೂರದ ವಾಸನೆ ಬಂದರೆ ಅದೇ. ಹಳತಾದಂತೆ ಅದು ಕೊಳೆಯತೊಡಗಿ ಆಮ್ಲದ ಆವಿ ಬಿಡುತ್ತದೆ. ತನ್ನ ಅಲಗನ್ನಷ್ಟೇ ಅಲ್ಲ, ಪಕ್ಕದಲ್ಲಿಟ್ಟ ಕತ್ತಿಗೂ ತುಕ್ಕು ಹಿಡಿಸುತ್ತದೆ. ಅಂಥವನ್ನು ಬೇರೆಯಾಗಿ, ಗಾಳಿಯಾಡುವಂತೆ ಇಡು. ನಿಜವಾದ ದಂತದ ಹಿಡಿಯಾದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಮಗೆ ಬೇಡ. ಅನೇಕ ದೇಶಗಳಲ್ಲಿ ಅದರ ವ್ಯಾಪಾರಕ್ಕೆ ನಿರ್ಬಂಧವಿದೆ. ಇಲ್ಲದಿದ್ದರೂ ಆನೆ ಸತ್ತು ಬಂದ ಶೋಕಿ ನನಗೆ ಒಗ್ಗದು.

ವಾರದ ಏಳು ದಿನಕ್ಕೆ ಏಳು ಕತ್ತಿಗಳಿರುವ ಪೆಟ್ಟಿಗೆಯಲ್ಲಿ ಗುರುವಾರದ್ದು ಕಾಣೆಯಾಗಿದೆ, ಕೊಳ್ಳಲೇ ಎಂದು ಕೇಳಿದ್ದೀಯ. ಉಳಿದ ಆರರ ಬೆನ್ನಿನ ಮೇಲೆ ದಿನದ ಹೆಸರು ಸವೆಯದೆ ಇದ್ದರೆ ಕೊಂಡುಕೋ. ಬೇರೆ ಪೆಟ್ಟಿಗೆಯ ಗುರುವಾರವನ್ನು ತಂದು ಕೂರಿಸಲು ಮಾತ್ರ ಹೋಗಬೇಡ. ಹಿಡಿಗಳು ಸೆಲ್ಯುಲಾಯ್ಡ್ ಆಗಿದ್ದರೆ ಬೆಲೆಯಲ್ಲಿ ನಾಚಿಕೆಯಿಲ್ಲದೆ ಚೌಕಾಸಿ ಮಾಡು.

ಇಂತಿ ನಿನ್ನ
ಅಮ್ಮ