ಹಿಂಸೆಗೆ ಸಿಕ್ಕ ಸಂಗಾತಿಗೆ ರಕ್ಷಣೆ: ವೀಸಾದ ವರ್ಗ ಅಡ್ಡಬಾರದಿರಲಿ

ಮಾನ್ಯ ಸಂಪಾದಕರೇ,

ಗಂಡನ ವೀಸಾವನ್ನು ನೆಚ್ಚಿಕೊಂಡು ಪರದೇಶಕ್ಕೆ ಹೋದ ಹೆಣ್ಣುಮಗಳು ಮನೆಯೊಳಗಿನ ಹಿಂಸೆಯ ಬಗ್ಗೆ ದೂರು ಕೊಡಲು ಹಿಂಜರಿಯುವುದು ಬರೀ ಮರ್ಯಾದೆಗೆ ಅಂಜಿ ಅಲ್ಲ. ‘ನಾನೊಂದು ಇಮೇಲ್ ಹಾಕಿದರೆ ಸಾಕು, ನಿನ್ನ ವೀಸಾ ರದ್ದಾಗುತ್ತದೆ, ಮಗು ನನ್ನ ಹತ್ತಿರವೇ ಉಳಿಯುತ್ತದೆ’ ಎಂಬ ಬೆದರಿಕೆ ಅವಳ ಬಾಯಿ ಕಟ್ಟಿಹಾಕುತ್ತದೆ. ಪಾಸ್‌ಪೋರ್ಟ್ ಅವನ ಬೀರುವಿನಲ್ಲಿದ್ದು, ವಲಸೆ ಇಲಾಖೆಯ ಪತ್ರಗಳೂ ಅವನ ವಿಳಾಸಕ್ಕೇ ಬರುತ್ತಿರುವಾಗ, ಆ ಮಾತು ನಿಜವೋ ಸುಳ್ಳೋ ಎಂದು ವಿಚಾರಿಸಿ ನೋಡುವ ದಾರಿಯೂ ಅವಳಿಗಿರುವುದಿಲ್ಲ.

ಆದರೆ ಅದು ಎಷ್ಟೋ ಸಲ ಸುಳ್ಳೇ ಆಗಿರುತ್ತದೆ. ಆಸ್ಟ್ರೇಲಿಯಾದಲ್ಲಿ 820 ವರ್ಗದ ತಾತ್ಕಾಲಿಕ ಸಂಗಾತಿ ವೀಸಾದ ಮೇಲಿರುವವರು, ಕೌಟುಂಬಿಕ ಹಿಂಸೆಯ ನಡುವೆ ಸಂಬಂಧ ಮುರಿದುಬಿದ್ದು ವೀಸಾಗೆ ಪ್ರಾಯೋಜಕರಾಗಿದ್ದ ಸಂಗಾತಿ ಕೈಬಿಟ್ಟರೂ, 801 ವರ್ಗದ ಕಾಯಂ ವೀಸಾ ಪಡೆಯಲು ಅವಕಾಶವಿದೆ. ಅದಕ್ಕೆ ನ್ಯಾಯಾಲಯದ ಆದೇಶವೇ ಬೇಕೆಂದಿಲ್ಲ. ತಮ್ಮ ಪ್ರಮಾಣೀಕೃತ ಹೇಳಿಕೆಯ ಜೊತೆಗೆ ವೈದ್ಯರು, ಸಮಾಜ ಕಾರ್ಯಕರ್ತರು, ಮಹಿಳಾ ಆಶ್ರಯಧಾಮದವರು ಕೊಟ್ಟ ದಾಖಲೆಗಳನ್ನೂ ಸಾಕ್ಷ್ಯವಾಗಿ ಒಪ್ಪಿಸಬಹುದು. ಅಮೆರಿಕದಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯ ತಡೆಗೆಂದು 1994ರಲ್ಲಿ ಬಂದ ಕಾಯ್ದೆಯ ಪ್ರಕಾರ, ಆ ದೇಶದ ನಾಗರಿಕರನ್ನೋ ಗ್ರೀನ್ ಕಾರ್ಡ್ ಉಳ್ಳವರನ್ನೋ ಮದುವೆಯಾಗಿ ಹಿಂಸೆ ಅನುಭವಿಸಿದವರು ಸಂಗಾತಿಯ ಸಹಿಯ ಹಂಗಿಲ್ಲದೆ ನೆಲೆಸುವ ಹಕ್ಕಿಗಾಗಿ ತಾವೇ ಅರ್ಜಿ ಹಾಕಬಹುದು. ಗಂಡಸರಿಗೂ ಈ ಹಕ್ಕು ಇದೆ.

ನನ್ನ ತಕರಾರಿರುವುದು ಈ ರಕ್ಷಣೆಯ ವ್ಯಾಪ್ತಿಯ ಬಗ್ಗೆ. ಎಚ್-1ಬಿ ವೀಸಾದ ಮೇಲೆ ದುಡಿಯುವವರ ಸಂಗಾತಿಗೆ, ಅಂದರೆ ಎಚ್-4 ವೀಸಾದವರಿಗೆ, ಅಮೆರಿಕದ ಆ ಸ್ವಂತ ಅರ್ಜಿಯ ಅವಕಾಶ ಇಲ್ಲ. ಹಿಂಸೆ ಅನುಭವಿಸಿದವರು ಕೆಲಸದ ಪರವಾನಗಿ ಕೇಳಬಹುದು, ಆದರೆ ಅದು ನೆಲೆಸುವ ಹಕ್ಕಲ್ಲ. ಬ್ರಿಟನ್ ಹಿಂಸೆಗೆ ಸಿಕ್ಕ ವಲಸಿಗ ಸಂಗಾತಿಗಳಿಗೆ ಕೊಡುವ ತುರ್ತು ರಿಯಾಯಿತಿಯನ್ನು 2024ರಲ್ಲಿ ವಿದ್ಯಾರ್ಥಿಗಳ ಮತ್ತು ಉದ್ಯೋಗಿಗಳ ಸಂಗಾತಿಗಳಿಗೂ ವಿಸ್ತರಿಸಿದ್ದು ಸ್ವಾಗತಾರ್ಹವೇ. ಆದರೆ ಅದರಿಂದ ಸಿಗುವುದು ಮೂರು ತಿಂಗಳ ವಾಸದ ಅನುಮತಿ ಮತ್ತು ಸರ್ಕಾರಿ ನೆರವು. ಮನೆ ಬಿಟ್ಟು ಬಂದವಳು ಅಷ್ಟರೊಳಗೆ ವಕೀಲರನ್ನು ಹುಡುಕಿ, ಮಗುವಿನ ಸುಪರ್ದಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಿ, ದುಡಿಮೆಯ ದಾರಿಯನ್ನೂ ಕಂಡುಕೊಳ್ಳುವುದು ಹೇಗೆ?

ಏಟಿನ ನೋವು ವೀಸಾದ ವರ್ಗ ನೋಡಿಕೊಂಡು ಹೆಚ್ಚುಕಡಿಮೆಯಾಗುವುದಿಲ್ಲ. ವೀಸಾ ಮಂಜೂರು ಮಾಡುವಾಗಲೇ ಸಂಗಾತಿಯ ಸ್ವಂತ ವಿಳಾಸಕ್ಕೆ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಈ ಹಕ್ಕುಗಳ ವಿವರ ತಲುಪಬೇಕು. ಹಿಂಸೆ ಸಾಬೀತಾದರೆ, ಅವಲಂಬಿತ ವೀಸಾದ ಮೇಲೆ ಬಂದವರಿಗೂ ಕನಿಷ್ಠ ಸುಪರ್ದಿ ಮತ್ತು ವಿಚ್ಛೇದನದ ಮೊಕದ್ದಮೆಗಳು ಮುಗಿಯುವವರೆಗೆ ಅದೇ ದೇಶದಲ್ಲಿ ಉಳಿದು ದುಡಿಯಲು ಕಾನೂನು ಅವಕಾಶ ಕೊಡಬೇಕು. ವಲಸೆಗಾರರ ದುಡಿಮೆಯನ್ನು ಬಯಸಿ ಕರೆಸಿಕೊಳ್ಳುವ ದೇಶಗಳಿಗೆ ಇದು ಅತಿಯಾದ ಬೇಡಿಕೆ ಎಂದು ನನಗೆ ಅನ್ನಿಸುವುದಿಲ್ಲ.

ಇತಿ,
ನಿಮ್ಮ ಓದುಗರಲ್ಲೊಬ್ಬರು